ರಾಯಭಾರಿ ಯಾರ ಮಾತು ಹೊತ್ತು ಹೋಗಬೇಕು? ತಾಳವಾಡಿ ಸೀಮೆಯಲ್ಲಿ ವನ್ಯಜೀವಿ ಸಂರಕ್ಷಣೆಯ ಕನ್ನಡ

ಗಡಿಯಾಚೆಯ ಕನ್ನಡ ಅಂದ ಕೂಡಲೇ ನಾವು ಸಾಮಾನ್ಯವಾಗಿ ಶಾಲೆ, ಪಠ್ಯಪುಸ್ತಕ, ನಾಮಫಲಕ, ಇವುಗಳ ಬಗ್ಗೆ ಮಾತಾಡುತ್ತೇವೆ. ಅವು ಮುಖ್ಯವೇ. ಆದರೆ ಗಡಿಯ ಎಷ್ಟೋ ಊರುಗಳಲ್ಲಿ ಕನ್ನಡದ ಪ್ರಶ್ನೆ ರಾತ್ರಿ ಹೊಲಕ್ಕೆ ಆನೆ ಬಂದಾಗಲೂ ಏಳುತ್ತದೆ. ಯಾರಿಗೆ ಫೋನ್ ಮಾಡಬೇಕು, ಯಾವ ಭಾಷೆಯಲ್ಲಿ ಹೇಳಬೇಕು, ಬೆಳೆ ಹೋಯಿತು ಅಂತ ಯಾವ ಭಾಷೆಯಲ್ಲಿ ಬರೆದು ಕೊಡಬೇಕು? ಇವತ್ತಿನ ನನ್ನ ಮಾತು ಇದರ ಬಗ್ಗೆ.

ನಾನು ತಾಳವಾಡಿ ಸೀಮೆಯವನು. ವನ್ಯಜೀವಿ ಸಂರಕ್ಷಣೆಯ ಒಂದು ಸೇವಾಸಂಸ್ಥೆಗೆ ಎರಡು ವರ್ಷದಿಂದ ‘ಯುವ ರಾಯಭಾರಿ’ಯಾಗಿ ಕೆಲಸ ಮಾಡುತ್ತಿದ್ದೇನೆ. ಸಂಬಳವಿಲ್ಲ, ಬಸ್ಸಿನ ಖರ್ಚು ಕೊಡುತ್ತಾರೆ. ಕನ್ನಡ ಎಂ.ಎ. ಓದುವವನಿಗೆ ಆನೆ, ಹುಲಿ, ರಣಹದ್ದುಗಳ ಉಸಾಬರಿ ಯಾಕೆ ಅಂತ ಸ್ನೇಹಿತರು ಕೇಳುತ್ತಾರೆ. ಈ ಕೆಲಸದ ಮುಕ್ಕಾಲು ಪಾಲು ಭಾಷೆಯ ಕೆಲಸ ಅನ್ನುವುದೇ ಅದಕ್ಕೆ ನನ್ನ ಉತ್ತರ.

ರಾಯಭಾರಿ ಎಂಬ ಪದ

ಮೊದಲು ಈ ಪದವನ್ನೇ ನೋಡೋಣ. ಜಾಹೀರಾತಿನ ಲೋಕದಲ್ಲಿ ‘ರಾಯಭಾರಿ’ ಅಂದರೆ ಒಂದು ಸಾಮಾನನ್ನೋ ಯೋಜನೆಯನ್ನೋ ಹೊಗಳಿ ಮಾತಾಡುವ ಮುಖ. ಚಿತ್ರನಟರು, ಕ್ರಿಕೆಟಿಗರು ರಾಯಭಾರಿಗಳಾಗುತ್ತಾರೆ. ಪ್ರಾಣಿ ಉಳಿಸಿ, ಕಾಡು ಉಳಿಸಿ ಎನ್ನುವ ಸಂದೇಶವನ್ನು ಶಾಲೆಗೆ, ಹಳ್ಳಿಗೆ, ಮೊಬೈಲಿಗೆ ತಲುಪಿಸುವುದೇ ಯುವ ರಾಯಭಾರಿಯ ಕೆಲಸ ಅಂತ ಸಂಸ್ಥೆಗಳೂ ಬಹುಮಟ್ಟಿಗೆ ಇದೇ ಅರ್ಥದಲ್ಲಿ ಪದವನ್ನು ಬಳಸುತ್ತವೆ.

ನಾವು ಓದುವ ಸಾಹಿತ್ಯದಲ್ಲಿ ರಾಯಭಾರ ಅಷ್ಟು ಸುಲಭದ ಕೆಲಸವಲ್ಲ. ಭಾರತದ ಉದ್ಯೋಗಪರ್ವವನ್ನು ನೆನಪಿಸಿಕೊಳ್ಳಿ. ಧೃತರಾಷ್ಟ್ರನ ಮಾತು ಹೊತ್ತು ಸಂಜಯ ಪಾಂಡವರ ಬಳಿಗೆ ಹೋಗುತ್ತಾನೆ. ಅವರ ಮಾತು ಕೇಳಿಸಿಕೊಂಡು ಹಿಂದಿರುಗಿ, ರಾಜನಿಗೆ ಕಹಿಯಾದರೂ ಅದನ್ನು ಅರುಹುತ್ತಾನೆ. ಕೃಷ್ಣ ಸಂಧಾನಕ್ಕೆ ಹಸ್ತಿನಾವತಿಗೆ ಹೋದಾಗಲೂ ಅಷ್ಟೆ, ಅಲ್ಲಿನ ಉತ್ತರ ಇಲ್ಲಿಗೆ ಬರಲೇಬೇಕು. ಅಂದರೆ ಹೋಗುವುದು ರಾಯಭಾರದ ಅರ್ಧ ಮಾತ್ರ, ಮರುಮಾತು ತರುವುದು ಉಳಿದರ್ಧ. ಯುವ ರಾಯಭಾರಿ ಎನ್ನುವ ಪಾತ್ರವನ್ನು ಈ ಹಳೆಯ ಅರ್ಥದಲ್ಲಿ ತೆಗೆದುಕೊಂಡರೆ ಮಾತ್ರ ಅದು ನಮ್ಮ ಸೀಮೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಇದು ನನ್ನ ವಾದ.

ಊರು, ಗಡಿ, ಕಾಡು

ತಾಳವಾಡಿ ಎಲ್ಲಿದೆ ಅಂತ ಗೊತ್ತಿಲ್ಲದವರಿಗೂ ದೊಡ್ಡ ಗಾಜನೂರು ಗೊತ್ತು. ಡಾ. ರಾಜ್‌ಕುಮಾರ್ ಅವರ ಹುಟ್ಟೂರು. 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಅಪಹರಿಸಿದ್ದು ಅಲ್ಲಿಂದಲೇ. 108 ದಿನಗಳ ಸೆರೆ ಅದು. ಕರ್ನಾಟಕದವರಿಗೆ ನಮ್ಮ ಸೀಮೆಯ ಪರಿಚಯ ಹೆಚ್ಚಾಗಿ ಇಷ್ಟೇ. ದೀಪಾವಳಿ ಮುಗಿದ ಮೇಲೆ ಸಗಣಿಯಲ್ಲಿ ಆಡುವ ಗುಮಟಾಪುರದ ಗೊರೆಹಬ್ಬವನ್ನು ಕೆಲವರು ಟಿ.ವಿ.ಯಲ್ಲಿ ನೋಡಿರಬಹುದು.

ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಈ ಸೀಮೆ 1956ರ ರಾಜ್ಯ ಪುನರ್ವಿಂಗಡಣೆಯ ನಂತರವೂ ಆ ಕಡೆಯೇ ಉಳಿಯಿತು. ಈಗ ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿದೆ. ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ಬಣ್ಣಾರಿ, ಸತ್ಯಮಂಗಲ ದಾಟಬೇಕು. ಚಾಮರಾಜನಗರ ಅದಕ್ಕಿಂತ ಬಹಳ ಹತ್ತಿರ. ಸಂತೆ, ಆಸ್ಪತ್ರೆ, ಮದುವೆ ಸಂಬಂಧ, ಮಾದಪ್ಪನ ಬೆಟ್ಟ ಎಲ್ಲಕ್ಕೂ ಜನ ನೋಡುವುದು ಚಾಮರಾಜನಗರದ ಕಡೆಗೆ. ಕಾಗದಪತ್ರಕ್ಕೆ ಮಾತ್ರ ಘಾಟಿ ಇಳಿಯಬೇಕು.

ಇದರ ಸುತ್ತ ಕಾಡು. ಸತ್ಯಮಂಗಲ ಕಾಡು 2008ರಲ್ಲಿ ವನ್ಯಜೀವಿಧಾಮವಾಯಿತು, 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಸುಮಾರು 1,408 ಚದರ ಕಿಲೋಮೀಟರ್. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಮೋಯಾರ್ ಕಣಿವೆಯ ಮೂಲಕ ಮುದುಮಲೆ, ಬಂಡೀಪುರ. ಆನೆಗೆ ಇದೆಲ್ಲ ಒಂದೇ ಕಾಡು. ಹುಲಿಗಳ ಸಂಖ್ಯೆಯನ್ನು 2022ರೊಳಗೆ ಇಮ್ಮಡಿ ಮಾಡಬೇಕೆಂದು 2010ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಲಿ ಇರುವ ದೇಶಗಳು ಒಪ್ಪಿಕೊಂಡಿದ್ದವು. ಆ ಗುರಿ ಮುಟ್ಟಿದ್ದಕ್ಕೆ ಕೊಡುವ ‘ಟಿಎಕ್ಸ್2’ ಪ್ರಶಸ್ತಿ ಸತ್ಯಮಂಗಲಕ್ಕೂ ಬಂತು. ಕಾಡಿನ ಲೆಕ್ಕದಲ್ಲಿ ಇದು ದೊಡ್ಡ ಗೆಲುವು. ಕಾಡಂಚಿನಲ್ಲಿ ಹಸು ಕಟ್ಟುವವರು ಅದೇ ಸುದ್ದಿಯನ್ನು ಕೇಳಿಸಿಕೊಳ್ಳುವ ರೀತಿಯೇ ಬೇರೆ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ವೀರಪ್ಪನ್ ಸತ್ತದ್ದು 2004ರ ಅಕ್ಟೋಬರಿನಲ್ಲಿ. ಅದಕ್ಕೂ ಮುಂಚಿನ ಹತ್ತು ಹದಿನೈದು ವರ್ಷ ಎರಡೂ ರಾಜ್ಯಗಳ ಕಾರ್ಯಪಡೆಗಳು ಈ ಕಾಡಿನಲ್ಲಿದ್ದವು. ಆಗ ನಡೆದ ದೌರ್ಜನ್ಯಗಳ ದೂರುಗಳನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ಸದಾಶಿವ ಸಮಿತಿ ವಿಚಾರಿಸಿತು. ಆ ಕಾಲ ಕಂಡವರು ಇನ್ನೂ ಇದ್ದಾರೆ. ಕಾಡಿನ ಬಗ್ಗೆ ವಿಚಾರಿಸಿಕೊಂಡು ಯಾರಾದರೂ ಮನೆ ಬಾಗಿಲಿಗೆ ಬಂದರೆ ಅವರು ಮೊದಲು ನೋಡುವುದು ಬಟ್ಟೆಯನ್ನು. ಸಂಸ್ಥೆ ಕೊಟ್ಟ ಹಸಿರು ಟೀ ಶರ್ಟನ್ನು ನಾನು ಶಾಲೆಗೆ ಹೋಗುವಾಗ ಹಾಕುತ್ತೇನೆ, ಮನೆಗಳಿಗೆ ಹೋಗುವಾಗ ಹಾಕುವುದಿಲ್ಲ.

ಏನು ಕೆಲಸ?

ಯುವ ರಾಯಭಾರಿ ಅಂದರೆ ಕಾಡು ಸುತ್ತಿ ಹುಲಿಯ ಫೋಟೊ ತೆಗೆಯುವವರು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಸಂರಕ್ಷಿತ ಕಾಡಿನೊಳಗೆ ಅನುಮತಿಯಿಲ್ಲದೆ ಯಾರೂ ಕಾಲಿಡುವಂತಿಲ್ಲ, ಸ್ವಯಂಸೇವಕರೂ ಅಷ್ಟೆ. ನಮ್ಮ ಕೆಲಸವೆಲ್ಲ ಕಾಡಿನ ಹೊರಗೆ, ಜನರ ನಡುವೆ. ಅದನ್ನು ಮೂರು ಭಾಗ ಮಾಡಿ ಹೇಳುತ್ತೇನೆ.

ಒಂದು, ಆನೆಯ ಸುದ್ದಿ ಮುಟ್ಟಿಸುವುದು. ದೊಡ್ಡ ಆನೆಯೊಂದಕ್ಕೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಕಾಡಿನಲ್ಲಿ ಲಂಟಾನ ಹಬ್ಬಿ ಹುಲ್ಲಿನ ಜಾಗ ಕಡಿಮೆಯಾಗಿದೆ. ಅಂಚಿನಲ್ಲಿ ರಾಗಿ, ಮುಸುಕಿನ ಜೋಳ, ಕಬ್ಬು, ಬಾಳೆ ಇವೆ. ಸ್ವಲ್ಪ ಜಾಗದಲ್ಲಿ ಹೆಚ್ಚು ಸತ್ವದ ಮೇವು ಸಿಗುವಾಗ ಆನೆ ಯಾಕೆ ಬರುವುದಿಲ್ಲ ಹೇಳಿ? ಹಾಸನೂರು ಮತ್ತು ಚಾಮರಾಜನಗರದ ಕಾಡುಗಳಲ್ಲೇ 1980ರ ದಶಕದ ಆರಂಭದಲ್ಲಿ ಆನೆಗಳ ಅಧ್ಯಯನ ಮಾಡಿದ ರಾಮನ್ ಸುಕುಮಾರ್ ಅವರು, ಹೆಣ್ಣಾನೆಗಳ ಹಿಂಡಿಗಿಂತ ದೊಡ್ಡ ಗಂಡಾನೆಗಳು ಬೆಳೆಗೆ ನುಗ್ಗುವುದು ಹೆಚ್ಚು ಎಂದು ತೋರಿಸಿದರು. 1989ರಲ್ಲಿ ಪ್ರಕಟವಾದ ಅವರ ಪುಸ್ತಕ ಏಷ್ಯಾದ ಆನೆಗಳ ಬಗ್ಗೆ ಓದುವ ಎಲ್ಲರಿಗೂ ಆಧಾರಗ್ರಂಥ. ನಮ್ಮೂರಿನ ಕಾವಲುಗಾರರಿಗೆ ಇದು ಹೊಸ ವಿಷಯವಲ್ಲ, ಯಾವ ಒಂಟಿ ಸಲಗ ಯಾವ ಹೊಲದ ಕಡೆಯಿಂದ ಬರುತ್ತದೆ ಅಂತ ಅವರಿಗೆ ಗೊತ್ತು. ಆ ತಿಳಿವಳಿಕೆ ಸಂಜೆಯೊಳಗೆ ಪಕ್ಕದ ಊರಿಗೆ ತಲುಪುವಂತೆ ಮಾಡುವುದು ನಮ್ಮ ಕೆಲಸ.

ಇದರ ಜೊತೆಗೇ ಬೇಲಿಯ ವಿಷಯ ಬರುತ್ತದೆ. ಸೋಲಾರ್ ಬೇಲಿ ಬಿಟ್ಟುಬಿಟ್ಟು ಸಣ್ಣ ಹೊಡೆತ ಕೊಡುತ್ತದೆ. ಆನೆ ಬೆಚ್ಚಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಕಂಬದ ಕರೆಂಟನ್ನು ನೇರ ತಂತಿಗೆ ಕೊಟ್ಟರೆ ಆನೆಯೂ ಸಾಯುತ್ತದೆ, ಬೆಳಗಿನ ಜಾವ ಆ ಕಡೆ ಹೋದ ಮನುಷ್ಯನೂ ಸಾಯುತ್ತಾನೆ. ಆನೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪರಿಶಿಷ್ಟದಲ್ಲಿದೆ, ಅದು ಸತ್ತರೆ ಜೈಲು. ಕಾನೂನಿನ ಮಾತಿಗಿಂತ ‘ನಿಮ್ಮ ಮಗನೇ ತುಳಿದರೆ?’ ಅನ್ನುವ ಮಾತು ಬೇಗ ನಾಟುತ್ತದೆ.

ಎರಡು, ರಣಹದ್ದು. ಮೋಯಾರ್ ಕಣಿವೆ ದಕ್ಷಿಣ ಭಾರತದಲ್ಲಿ ರಣಹದ್ದುಗಳು ಇನ್ನೂ ಗೂಡು ಕಟ್ಟುವ ಮುಖ್ಯ ಜಾಗ. 1990ರ ದಶಕದಿಂದ ದೇಶದಲ್ಲಿ ರಣಹದ್ದುಗಳು ನೂರಕ್ಕೆ 95ಕ್ಕಿಂತ ಹೆಚ್ಚು ಕಡಿಮೆಯಾದವು. ದನಗಳಿಗೆ ನೋವು, ಜ್ವರಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧವೇ ಈ ಕುಸಿತದ ಮುಖ್ಯ ಕಾರಣ ಎಂದು 2004ರಲ್ಲಿ ತಿಳಿದುಬಂತು. ಚುಚ್ಚುಮದ್ದು ಕೊಟ್ಟ ದನ ಸ್ವಲ್ಪ ದಿನದಲ್ಲೇ ಸತ್ತು, ಆ ಮಾಂಸವನ್ನು ಹದ್ದು ತಿಂದರೆ ಅದರ ಮೂತ್ರಪಿಂಡ ಕೆಡುತ್ತದೆ. 2006ರಲ್ಲಿ ದನಗಳಿಗೆ ಆ ಔಷಧ ಕೊಡುವುದನ್ನು ನಿಷೇಧಿಸಿದರು. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ ನಿಷೇಧವಾದವು. ಮೆಲೋಕ್ಸಿಕ್ಯಾಮ್ ಹದ್ದುಗಳಿಗೆ ತೊಂದರೆ ಮಾಡುವುದಿಲ್ಲ. ಆದ್ದರಿಂದ ದನ ಸಾಕುವವರ ಹತ್ತಿರ ಹೋಗಿ, ಯಾವ ಮದ್ದು ಕೇಳಬೇಕು, ಯಾವುದನ್ನು ಬೇಡ ಅನ್ನಬೇಕು ಅಂತ ಹೇಳುತ್ತೇವೆ. ಸೀಸೆಯ ಮೇಲಿನ ಹೆಸರು ಇಂಗ್ಲಿಷಿನಲ್ಲಿರುತ್ತದೆ. ಸೀಸೆಯನ್ನೇ ಕೈಯಲ್ಲಿ ಹಿಡಿದು ತೋರಿಸದೆ ಇದ್ದರೆ ಇಡೀ ಭಾಷಣ ವ್ಯರ್ಥ.

ಮೂರು, ಅರ್ಜಿ. ಬೆಳೆ ಹೋದರೆ, ದನ ಹೋದರೆ, ಜೀವ ಹೋದರೆ ಸರ್ಕಾರದ ಪರಿಹಾರವಿದೆ. ಅದಕ್ಕೆ ಫೋಟೊ, ಜಮೀನಿನ ಪತ್ರ, ಅಧಿಕಾರಿಗಳ ತಪಾಸಣೆ, ಅರ್ಜಿ ಬೇಕು. ಅರ್ಜಿ ತಮಿಳಿನಲ್ಲಿ. ಗಡಿಯ ಈಚೆಗೊಂದು ಪದ್ಧತಿ, ಆಚೆಗೊಂದು ಪದ್ಧತಿ. ಆನೆ ಒಂದೇ ರಾತ್ರಿಯಲ್ಲಿ ಎರಡೂ ಕಡೆಯ ಹೊಲ ಮೇಯಬಹುದು, ರೈತ ಮಾತ್ರ ಅವನವನ ರಾಜ್ಯದ ಭಾಷೆಯಲ್ಲೇ ಬರೆದುಕೊಡಬೇಕು. ಇದು ಸಂರಕ್ಷಣೆಯ ಕೆಲಸವೇ ಅಂತ ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ. ಪರಿಹಾರ ಬಂದ ಮನೆಯವರು ಆನೆಯನ್ನು ಬಯ್ಯುವ ರೀತಿಗೂ ಬಾರದ ಮನೆಯವರು ಬಯ್ಯುವ ರೀತಿಗೂ ಇರುವ ವ್ಯತ್ಯಾಸ ಕೇಳಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ.

ಪದಗಳ ತೂಕ

ಸಾಹಿತ್ಯದ ವಿದ್ಯಾರ್ಥಿಗಳಿಗೆ ಆಸಕ್ತಿ ಹುಟ್ಟಿಸುವ ಭಾಗ ಇದು. ಸಂಸ್ಥೆಗಳ ಕನ್ನಡ ಕರಪತ್ರಗಳಲ್ಲಿ ‘ಮಾನವ–ವನ್ಯಜೀವಿ ಸಂಘರ್ಷ’ ಅಂತ ಇರುತ್ತದೆ. ನಮ್ಮಲ್ಲಿ ಜನ ಹೇಳುವುದು ‘ಆನೆ ಕಾಟ’, ‘ಆನೆ ಹಾವಳಿ’. ಎರಡೂ ಒಂದೇ ಅಂತ ಮೇಲ್ನೋಟಕ್ಕೆ ಅನ್ನಿಸುತ್ತದೆ. ಸಂಘರ್ಷ ಅಂದರೆ ಎರಡು ಪಕ್ಷ, ಎದುರುಬದುರು, ಇಬ್ಬರೂ ಹೋರಾಡುತ್ತಿದ್ದಾರೆ ಅಂತ ಅರ್ಥ. ಕಾಟ ಅನ್ನುವುದು ಅನುಭವಿಸುವವನ ಕಡೆಯ ಪದ. ನೆಂಟರ ಕಾಟ, ಸೊಳ್ಳೆ ಕಾಟ, ಸಾಲಗಾರರ ಕಾಟ ಎಲ್ಲ ಇದೆ. ಕಾಟ ಕೊಡುವವರನ್ನು ಕೊಲ್ಲಬೇಕು ಅಂತ ಆ ಪದದೊಳಗೆ ಇಲ್ಲ, ತಡೆದುಕೊಳ್ಳುತ್ತಿದ್ದೇವೆ ಅಂತ ಇದೆ. ಹಾಗಾಗಿ ‘ಕಾಟ’ ಬರೆದರೆ ಜನರಲ್ಲಿ ಆನೆಯ ಬಗ್ಗೆ ದ್ವೇಷ ಹೆಚ್ಚುತ್ತದೆ ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಹೋರಾಟದ ಧ್ವನಿ ಇರುವುದು ‘ಸಂಘರ್ಷ’ದಲ್ಲೇ.

ಇನ್ನೊಂದು ‘ಕಾರಿಡಾರ್’. ಆನೆ ಕಾರಿಡಾರ್ ಅಂದರೆ ಜಮೀನು ಹೋಗುತ್ತದೆ ಅನ್ನುವ ಭಯ ಮೊದಲು ಬರುತ್ತದೆ, ಯಾಕೆಂದರೆ ಆ ಪದ ಅವರ ಕಿವಿಗೆ ಬಿದ್ದದ್ದು ಸರ್ವೆ, ನೋಟೀಸುಗಳ ಜೊತೆಗೆ. ‘ಆನೆ ಓಡಾಡೋ ದಾರಿ’ ಅಂದು ನೋಡಿ. ಹಿರಿಯರು ತಾವಾಗಿಯೇ ಕೈ ಚಾಚಿ ತೋರಿಸುತ್ತಾರೆ: ಇಗೋ ಈ ಹಳ್ಳದಿಂದ ಆ ಗುಡ್ಡಕ್ಕೆ, ನಮ್ಮಪ್ಪನ ಕಾಲದಿಂದ. ನಕ್ಷೆಯಲ್ಲಿರುವ ವಿಷಯವೇ ಅದು. ಪದ ಬದಲಾದಾಗ ಅವರು ತಿಳಿದವರಾಗಿ ಮಾತಾಡುತ್ತಾರೆ.

ಓದುವ ಕನ್ನಡ, ಕೇಳುವ ಕನ್ನಡ

ಹಾಗಾದರೆ ಎಲ್ಲವನ್ನೂ ಒಳ್ಳೆ ಕನ್ನಡದಲ್ಲಿ ಅಚ್ಚು ಹಾಕಿಸಿದರೆ ಆಯಿತಲ್ಲ ಅಂತ ನೀವು ಕೇಳಬಹುದು. ಅಲ್ಲೇ ನಮ್ಮ ಸೀಮೆಯ ಸಂಕಟ ಇರುವುದು. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕಾ ಕಾಯ್ದೆ ಶಾಲೆಗಳಲ್ಲಿ ತಮಿಳನ್ನು ಒಂದನೇ ತರಗತಿಯಿಂದ ಹಂತ ಹಂತವಾಗಿ ಕಡ್ಡಾಯ ಮಾಡಿತು. ನನಗಿಂತ ಚಿಕ್ಕವರಲ್ಲಿ ಅನೇಕರು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಓದುವುದು ಬರೆಯುವುದು ತಮಿಳು. ಅವರ ಅಜ್ಜ ಕನ್ನಡ ಓದಬಲ್ಲರು, ತಮಿಳು ಓದಲಾರರು. ಅಜ್ಜಿಗೆ ಎರಡೂ ಓದಲು ಬಾರದು. ಒಂದೇ ಮನೆಯಲ್ಲಿ ಮೂರು ಬಗೆ. ಕನ್ನಡ ಕರಪತ್ರ ಕೊಟ್ಟರೆ ಅಜ್ಜನಿಗೆ ಮಾತ್ರ ಉಪಯೋಗ, ತಮಿಳು ಕರಪತ್ರ ಕೊಟ್ಟರೆ ಮೊಮ್ಮಗನಿಗೆ ಮಾತ್ರ. ಮೂವರಿಗೂ ಸಾಮಾನ್ಯವಾಗಿರುವುದು ಕೇಳುವ ಕನ್ನಡ.

ಆದ್ದರಿಂದ ನಾವು ಈಗ ಆನೆಯ ಸುದ್ದಿಯನ್ನು ಬರೆದು ಕಳಿಸುವುದಿಲ್ಲ, ವಾಟ್ಸಾಪಿನಲ್ಲಿ ಧ್ವನಿಯಾಗಿ ಕಳಿಸುತ್ತೇವೆ. ಅದೂ ಪುಸ್ತಕದ ಕನ್ನಡದಲ್ಲಲ್ಲ. ‘ಕಾಡಾನೆಗಳು ಸಂಚರಿಸುತ್ತಿರುವ ಹಿನ್ನೆಲೆಯಲ್ಲಿ ಸಾರ್ವಜನಿಕರು ಎಚ್ಚರ ವಹಿಸುವುದು’ ಅಂದರೆ ಯಾರೂ ಪೂರ್ತಿ ಕೇಳುವುದಿಲ್ಲ. ‘ಎರಡ್ ಆನೆ ಕೆರೆ ಏರಿ ಮ್ಯಾಲೆ ಅವೆ, ಆ ಕಡೆ ಯಾರೂ ಹೋಗ್ಬ್ಯಾಡಿ’ ಅಂದರೆ ಹಟ್ಟಿಯವರೆಲ್ಲ ಕೇಳುತ್ತಾರೆ. ಹೇಳುವ ದನಿ ಪರಿಚಯದ್ದಾದರೆ ಇನ್ನೂ ಒಳ್ಳೆಯದು. ಎಲ್ಲರಿಗೂ ಹಾಲಿನ ಡೇರಿಯಲ್ಲಿ ಸಿಗುವ ಹೆಂಗಸೊಬ್ಬರ ದನಿಗೆ ನನ್ನ ದನಿಗಿಂತ ಹೆಚ್ಚು ಬೆಲೆ ಇದೆ. ಈಗ ನಮ್ಮ ಕಡೆಯ ಹೆಚ್ಚಿನ ಸಂದೇಶಗಳನ್ನು ಅವರೇ ಹೇಳುತ್ತಾರೆ. ಕನ್ನಡ ಲಿಪಿಯೇ ತಿಳಿಯದ ಕನ್ನಡಿಗರ ಒಂದು ಪೀಳಿಗೆ ಗಡಿಯಲ್ಲಿ ಬೆಳೆದಿದೆ, ಅವರನ್ನೂ ಕನ್ನಡದವರೆಂದು ಎಣಿಸಿಯೇ ಕೆಲಸ ಮಾಡಬೇಕು. ಗಡಿ ಕನ್ನಡದ ಅಧ್ಯಯನ ಮಾಡುವ ನಾವು ಇದನ್ನು ಗಮನಿಸಬೇಕು ಅಂತ ನನ್ನ ವಿನಂತಿ.

ಮಾದಪ್ಪನ ಹುಲಿ

ಸಂರಕ್ಷಣೆಯ ಸಂದೇಶಕ್ಕೆ ಜನಪದವನ್ನು ಬಳಸಿಕೊಳ್ಳಬೇಕು ಅಂತ ಬಹಳ ಜನ ಸಲಹೆ ಕೊಡುತ್ತಾರೆ. ನಮ್ಮ ಸೀಮೆಯ ದೈವ ಮಲೆಯ ಮಾದೇಶ್ವರ, ಹುಲಿವಾಹನ. ಕಂಸಾಳೆಯವರು, ದೇವರಗುಡ್ಡರು ಹಾಡುವ ಆ ಕಾವ್ಯವನ್ನು ಪಿ. ಕೆ. ರಾಜಶೇಖರ ಅವರು ಸಂಪಾದಿಸಿಕೊಟ್ಟಿದ್ದಾರೆ, ನಮ್ಮಲ್ಲಿ ಹಲವರು ಓದಿದ್ದೀರಿ. ಸೋಲಿಗರಲ್ಲಿ ಹುಲಿವೀರಪ್ಪನ ಪೂಜೆ ಇದೆ. ಹುಲಿ ದೇವರ ವಾಹನ, ಅದನ್ನು ಕಾಪಾಡಿ ಅಂದರೆ ಸಾಕಲ್ಲ ಅನ್ನುವುದು ಅವರ ಲೆಕ್ಕ.

ಈ ಮಾತನ್ನು ಒಂದು ಹಳ್ಳಿಯ ಜಗಲಿಯಲ್ಲಿ ಎತ್ತಿದಾಗ, ಅದೇ ತಿಂಗಳು ಹಸು ಕಳೆದುಕೊಂಡಿದ್ದ ಅಜ್ಜಿಯೊಬ್ಬರು ಹೇಳಿದರು: “ಮಾದಪ್ಪನ ಹುಲಿ ಮಾದಪ್ಪನ್ನ ಹೊತ್ಕಂಡು ತಿರುಗ್ತದೆ ಕಣ್ ಮೊಗ. ನಮ್ ಹಸ ಹೊತ್ಕಂಡು ಹೋದ ಹುಲಿ ಬ್ಯಾರೆ.”

ಈ ಮಾತನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ಅಜ್ಜಿ ಭಕ್ತಿಯನ್ನೂ ಬಿಟ್ಟುಕೊಡಲಿಲ್ಲ, ನಷ್ಟವನ್ನೂ ಬಿಟ್ಟುಕೊಡಲಿಲ್ಲ, ಎರಡನ್ನೂ ಬೇರೆ ಬೇರೆ ಇಟ್ಟರು. ಕಾವ್ಯದ ಹುಲಿಯನ್ನು ತೋರಿಸಿ ಕೊಟ್ಟಿಗೆಯ ಲೆಕ್ಕವನ್ನು ಚುಕ್ತಾ ಮಾಡಲು ಹೋದರೆ ಕಾವ್ಯಕ್ಕೂ ಅನ್ಯಾಯ, ಕೊಟ್ಟಿಗೆಗೂ ಅನ್ಯಾಯ. ಮಾದಪ್ಪನ ಕಥೆಯನ್ನು ಮಕ್ಕಳಿಗೆ ಹೇಳೋಣ. ಹಸು ಹೋದವರ ಮನೆಗೆ ಹೋಗುವಾಗ ಅರ್ಜಿ ನಮೂನೆ ತೆಗೆದುಕೊಂಡು ಹೋಗೋಣ.

ನೀನು ಯಾರ ಕಡೆ?

ಈ ಕೆಲಸ ಮಾಡುವ ಎಲ್ಲರಿಗೂ ಒಂದಲ್ಲ ಒಂದು ದಿನ ಈ ಪ್ರಶ್ನೆ ಬರುತ್ತದೆ. ನನಗೆ ಬಂದದ್ದು ಆನೆ ತುಳಿದು ತೀರಿಕೊಂಡವರೊಬ್ಬರ ಮನೆಯ ಮುಂದೆ. ಅವರ ತಮ್ಮ, ನನ್ನ ವಯಸ್ಸಿನವನೇ, ಕೇಳಿದ: “ನೀನ್ ಆನೆ ಕಡೆಯವನಾ, ನಮ್ ಕಡೆಯವನಾ?” ಆ ಹೊತ್ತಿನಲ್ಲಿ ಪರಿಸರ ಸಮತೋಲನ ಅಂತ ಬಾಯಿ ಬಿಡಬಾರದು. ನಾನು ಹೇಳಿದ್ದು ಇಷ್ಟೇ: ಇವತ್ತು ನಿಮ್ಮ ಮನೆ ಕೆಲಸಕ್ಕೆ ಬಂದಿದೀನಿ. ಆ ದಿನ ನಾವು ಮಾಡಿದ್ದು ಆಸ್ಪತ್ರೆ, ಪೊಲೀಸ್ ಕಾಗದಗಳನ್ನು ಓದಿ ಕನ್ನಡದಲ್ಲಿ ಹೇಳಿದ್ದು, ಎಲ್ಲಿ ಸಹಿ ಹಾಕುತ್ತಿದ್ದೇವೆ ಅಂತ ಮನೆಯವರಿಗೆ ತಿಳಿಯುವಂತೆ ಮಾಡಿದ್ದು.

ಆಮೇಲೆ ಅವರು ಹೇಳಿದ್ದನ್ನೆಲ್ಲ ಬರೆದುಕೊಂಡು ಸಂಸ್ಥೆಯ ಮಾಸಿಕ ಸಭೆಯಲ್ಲಿ ಓದಿದೆ. ಬೀದಿದೀಪ ಕೆಟ್ಟು ಎಷ್ಟು ದಿನವಾಗಿತ್ತು, ಶೌಚಕ್ಕೆ ಕತ್ತಲಲ್ಲಿ ಹೊರಗೆ ಹೋಗಬೇಕಾದ ಮನೆಗಳು ಎಷ್ಟಿವೆ, ಕಂದಕ ಎಲ್ಲಿ ಮುಚ್ಚಿಹೋಗಿದೆ, ಹೀಗೆ. ಆನೆಯ ವಿಷಯ ಅಂತ ಶುರುವಾದದ್ದು ದೀಪ, ಶೌಚಾಲಯ, ಕಂದಕಗಳ ವಿಷಯವಾಯಿತು. ಸಭೆಯಲ್ಲಿ ಕೆಲವರಿಗೆ ಇದು ನಮ್ಮ ವ್ಯಾಪ್ತಿಯಲ್ಲ ಅನ್ನಿಸಿತು. ಚರ್ಚೆ ಇನ್ನೂ ಮುಗಿದಿಲ್ಲ. ಪಂಚಾಯಿತಿಗೆ ಬರೆದ ಮನವಿಯಲ್ಲಿ ಮಾತ್ರ ಸಂಸ್ಥೆಯ ಸಹಿ ಬಿತ್ತು. ರಾಯಭಾರಿ ಮರುಮಾತು ತರುವುದು ಅಂದರೆ ಇದೇ.

ದಿಂಬಂ ಘಾಟಿಯ ರಾತ್ರಿ ಸಂಚಾರದ ವಿಷಯವೂ ಹೀಗೇ. 2022ರ ಫೆಬ್ರುವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಂತೆ ಬಣ್ಣಾರಿಯಿಂದ ಕಾರಪಳ್ಳಂವರೆಗೆ ರಾತ್ರಿ ವಾಹನ ಸಂಚಾರಕ್ಕೆ ತಡೆ ಬಂತು. ವಾಹನಕ್ಕೆ ಸಿಕ್ಕು ಪ್ರಾಣಿಗಳು ಸಾಯುವುದು ನಿಲ್ಲಲಿ ಅಂತ. ಉದ್ದೇಶ ಸರಿ, ನಾನು ಅದರ ಪರ. ಆದರೆ ತರಕಾರಿ ಬೆಳೆದವರಿಗೆ ಮಾರುಕಟ್ಟೆಯ ಹೊತ್ತು ತಪ್ಪುವ ಭಯ, ಕಾಯಿಲೆಯವರಿಗೆ ಆಸ್ಪತ್ರೆಯ ಭಯ ಇದ್ದೇ ಇತ್ತು. ತಡೆಯ ಸುದ್ದಿಯನ್ನು ಊರಿಗೆ ಮುಟ್ಟಿಸಿದಷ್ಟೇ ಚೆನ್ನಾಗಿ ಯಾವ ವಾಹನಕ್ಕೆ ವಿನಾಯಿತಿ ಇದೆ ಅನ್ನುವುದನ್ನೂ ಮುಟ್ಟಿಸಬೇಕು.

ನಮ್ಮ ವಿಭಾಗಗಳು ಏನು ಮಾಡಬಹುದು?

ಕೊನೆಯದಾಗಿ ಎರಡು ಸಲಹೆ. ಮೊದಲನೆಯದು, ಗಡಿಯ ಕಾಡಂಚಿನ ಕನ್ನಡದಲ್ಲಿ ಪ್ರಾಣಿ, ದಾರಿ, ಮೇವು, ಕಾವಲು, ಬೇಲಿಗೆ ಸಂಬಂಧಿಸಿದ ಪದಗಳನ್ನು ದನಿಮುದ್ರಣದ ಜೊತೆ ಸಂಗ್ರಹಿಸೋಣ. ತಾಳವಾಡಿಯಲ್ಲಿ, ವಯನಾಡಿನಲ್ಲಿ, ನೀಲಗಿರಿಯಲ್ಲಿ ಒಂದೇ ಆನೆಗೆ ಕಾವಲು ಕಾಯುವ ಕನ್ನಡದವರು ಬೇರೆ ಬೇರೆ ಪದ ಬಳಸುತ್ತಿರಬಹುದು. ಒಂದು ಕ್ಷೇತ್ರಕಾರ್ಯದ ಪತ್ರಿಕೆಗೆ ಇದು ಒಳ್ಳೆಯ ವಿಷಯ. ಕಾವಲು ಮಂಚದ ಮೇಲೆ ರಾತ್ರಿ ಕಳೆದವರ ಪೀಳಿಗೆ ಹೋದ ಮೇಲೆ ಆ ಪದಗಳು ಸಿಗುವುದಿಲ್ಲ. ಎರಡನೆಯದು, ಪರಿಹಾರದ ಅರ್ಜಿಗಳ ಕನ್ನಡ ಅನುವಾದ ಮಾಡಿ, ಅದನ್ನು ಓದಿದ ದನಿಮುದ್ರಿಕೆಯನ್ನೂ ಮಾಡೋಣ. ಅರ್ಜಿ ತಮಿಳಿನಲ್ಲೇ ಕೊಡಲಿ, ಏನು ಕೊಡುತ್ತಿದ್ದೇವೆ ಅನ್ನುವುದು ಕೊಡುವವರಿಗೆ ತಿಳಿದಿರಲಿ. ತಮಿಳು, ಕನ್ನಡ ಎರಡೂ ಬಲ್ಲ ನಾಲ್ಕು ಜನ ವಿದ್ಯಾರ್ಥಿಗಳಿದ್ದರೆ ಒಂದು ತಿಂಗಳ ಕೆಲಸ.

ಈ ನವೆಂಬರಿನಲ್ಲಿ ರಾಗಿ ಕೊಯ್ಲು ಶುರುವಾಗುತ್ತದೆ. ಆನೆಗಳು ಹೆಚ್ಚು ಬರುವ ಕಾಲ ಅದೇ. ಅಷ್ಟರೊಳಗೆ ಬೆಳೆ ನಷ್ಟದ ಅರ್ಜಿಯೊಂದನ್ನಾದರೂ ಮುಗಿಸಬೇಕು ಅಂತ ಇದ್ದೇನೆ. ಕೈಜೋಡಿಸುವವರು ಗೋಷ್ಠಿ ಮುಗಿದ ಮೇಲೆ ದಯವಿಟ್ಟು ಹೇಳಿ. ಪ್ರಶ್ನೆಗಳಿದ್ದರೆ ಕೇಳಬಹುದು.